ಒಂದು ಸ್ವರದ ಮೇಲೆ ನಿಲ್ಲುವುದು: ಗಂಗೂಬಾಯಿ ಹಾನಗಲ್ ಬದುಕಿನಿಂದ ನಮ್ಮ ಕೆಲಸಕ್ಕೆ ಕೆಲವು ಹೆಜ್ಜೆಗಳು

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಯಾವುದಾದರೂ ವಿಲಂಬಿತ ಖಯಾಲ್, ಅಂದರೆ ನಿಧಾನಗತಿಯ ರಾಗದ ಹಾಡು, ಹಚ್ಚಿಕೊಂಡು ಗಡಿಯಾರದ ಎದುರು ಕುಳಿತುಕೊಳ್ಳಿ. ತಂಬೂರಿ ಮೊಳಗುತ್ತದೆ. ಅವರು ಷಡ್ಜ, ಅಂದರೆ ಆಧಾರ ಸ್ವರವಾದ ಸಾ, ಹಿಡಿಯುತ್ತಾರೆ. ಕೆಳಗಿನ ನಿಷಾದಕ್ಕೆ ಇಳಿದು, ಮೇಲಿನ ಸ್ವರವನ್ನೊಮ್ಮೆ ಮುಟ್ಟಿ, ಮತ್ತೆ ಮನೆಗೆ ಬಂದಂತೆ ಷಡ್ಜಕ್ಕೇ ಬರುತ್ತಾರೆ. ನಿಮಿಷಗಳು ಕಳೆದರೂ ಮೂರು ನಾಲ್ಕು ಸ್ವರಗಳ ಅಂಗಳ ದಾಟುವುದಿಲ್ಲ. ಕೊನೆಗೆ ತಾರ ಷಡ್ಜ, ಅಂದರೆ ಮೇಲಿನ ಸ್ಥಾಯಿಯ ಸಾ, ಮುಟ್ಟುವ ಹೊತ್ತಿಗೆ, ಅದು ಬಂದೇ ತೀರಬೇಕು ಎಂದು ಕೇಳುವವರ ಎದೆಯೇ ಕಾಯುತ್ತಿರುತ್ತದೆ. ಅವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯವರು ಇದನ್ನು ಬಢತ್ ಎನ್ನುತ್ತಾರೆ. ರಾಗವನ್ನು ಒಂದೊಂದೇ ಸ್ವರವಾಗಿ ಬೆಳೆಸುತ್ತ ಹೋಗುವ ಕ್ರಮ ಅದು.

ನಾನು ಲೆಕ್ಕಪತ್ರ ತಪಾಸಣೆಯ ಕೆಲಸದಲ್ಲಿರುವವನು. ಕೆಲಸಕ್ಕೆ ಸೇರಿ ಹನ್ನೊಂದನೇ ವರ್ಷದಲ್ಲಿ, ಜೊತೆಯವರೆಲ್ಲ ಮುಂದೆ ಹೋದರು, ನಾನೊಬ್ಬನೇ ಹಿಂದೆ ಉಳಿದೆ ಎಂಬ ಭಯ ಹತ್ತಿತು. ನಾಲ್ಕು ವರ್ಷದಲ್ಲಿ ಮೂರು ಕಡೆ ಕೆಲಸ ಬದಲಿಸಿದೆ. ಸಂಬಳ ಏರಿತು, ಕೈಯ ಕಸುಬು ಇದ್ದಲ್ಲೇ ಇತ್ತು. ಆ ದಿನಗಳಲ್ಲಿ ರಾತ್ರಿ ನಿದ್ದೆ ಬಾರದೆ ಗಂಗೂಬಾಯಿಯವರ ಹಾಡು ಕೇಳುವ ಅಭ್ಯಾಸವಾಯಿತು. ಹಾಡಿನಿಂದ ಅವರ ಬದುಕಿನ ಕಡೆ ಹೊರಳಿದಾಗ, ಅವರು ಬದುಕಿದ್ದೂ ಹಾಡಿದ ಹಾಗೆಯೇ ಎಂದು ಕಂಡಿತು: ಆತುರವಿಲ್ಲದೆ, ಬಿಡದೆ, ನಿಂತ ಜಾಗದಲ್ಲೇ ಆಳಕ್ಕೆ ಇಳಿಯುತ್ತ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿ, 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡ ಅವರು 2006ರವರೆಗೂ ವೇದಿಕೆಯ ಮೇಲೆ ಹಾಡಿದರು.

ಕೆಲಸಕ್ಕೆ ಸೇರಿ ಐದಾರು ವರ್ಷ ಕಳೆದು, ಇನ್ನು ಮುಂದೇನು ಎಂದು ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿ ನೋಡಿದ್ದು, ಮಾಡುತ್ತಿರುವುದು ಇದರಲ್ಲಿದೆ. ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ, ಒಂದು ಹೆಜ್ಜೆಗೆ ಎರಡು ಮೂರು ತಿಂಗಳಾದರೂ ಕೊಡಿ.

ಹೆಜ್ಜೆ 1: ಯಾರ ಮುಂದೆ ಕೂರಬೇಕು ಎಂದು ಗೊತ್ತುಮಾಡಿಕೊಳ್ಳಿ

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯ ಕಡೆ ಇದೆ ಎಂದು ಕಂಡಾಗ, ಎರಡು ಪದ್ಧತಿಗಳು ಮಗಳ ಕಿವಿಯಲ್ಲಿ ಕಲಸಿಹೋಗಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ಮಗಳ ಕಲಿಕೆಗಾಗಿಯೇ 1928ರಲ್ಲಿ ಮನೆಮಂದಿಯೆಲ್ಲ ಹುಬ್ಬಳ್ಳಿಗೆ ಬಂದು ನೆಲೆಸಿದರು. ಅಲ್ಲಿ ಕೃಷ್ಣಾಚಾರ್ಯ ಹುಲಗೂರರ ಬಳಿ ಪಾಠ ಶುರುವಾಯಿತು. ಒಂದು ವರ್ಷದಲ್ಲಿ ಸುಮಾರು ಅರವತ್ತು ಚೀಜುಗಳು, ಅಂದರೆ ರಾಗಗಳಲ್ಲಿ ಕಟ್ಟಿದ ಹಾಡುಗಳು, ಬಂದವು. ಆಮೇಲೆ ಫೀಸಿನ ಮಾತು ಬಂದು ಪಾಠ ಮುರಿದುಬಿತ್ತು. ಕೆಲಕಾಲ ದತ್ತೋಪಂತ ದೇಸಾಯಿಯವರ ಬಳಿ ಕಲಿತರು. ಕೊನೆಗೆ ಸಿಕ್ಕ ಗುರು ಕುಂದಗೋಳದ ಸವಾಯಿ ಗಂಧರ್ವರು.

ಸಿಕ್ಕರು ಎಂದರೂ ಪೂರ್ತಿ ಸಿಕ್ಕಿರಲಿಲ್ಲ. ಮೊದಲ ಮೂರು ವರ್ಷ ಗುರುಗಳು ಊರಿಗೆ ಬಂದಾಗಷ್ಟೇ ಪಾಠ. ಅವರು ಕುಂದಗೋಳದಲ್ಲೇ ನೆಲೆಸಿದ ಮೇಲೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ, ಕಲಿತು, ಮತ್ತೆ ರೈಲಿನಲ್ಲಿ ಮನೆಗೆ ಬರುತ್ತಿದ್ದರು. ಆ ಹೊತ್ತಿಗೆ ಅವರಿಗೆ ಮನೆ, ಸಂಸಾರ, ಮಕ್ಕಳು ಎಲ್ಲವೂ ಇದ್ದವು. ಹಾಡುವ ಹೆಣ್ಣು ಎಂದು ಹಿಂದಿನಿಂದ ಆಡಿಕೊಳ್ಳುವ ಬಾಯಿಗಳೂ ಇದ್ದವು.

ಅರವತ್ತು ಚೀಜು ಕೈಯಲ್ಲಿದ್ದವರು ಇನ್ನೊಬ್ಬರ ಮುಂದೆ ಮತ್ತೆ ಸರಳೆಯಿಂದ ಕೂತದ್ದು ಏಕೆ? ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸರ್ಟಿಫಿಕೇಟು ಆಗಲೇ ಸಿಕ್ಕಿತ್ತು, ಕೇಳಿದವರ ಮುಂದೆ ಹಾಡಿ ತೋರಿಸಬಹುದಿತ್ತು. ಆದರೆ ಹಾಡಿನ ಪಟ್ಟಿ ಉದ್ದವಾಗುವುದು ಬೇರೆ, ಕಂಠ ತಯಾರಾಗುವುದು ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಈಗ ನೀವು ಮಾಡಬೇಕಾದದ್ದು. ನಿಮ್ಮ ಕ್ಷೇತ್ರದಲ್ಲಿ ಯಾರ ಕೆಲಸ ನೋಡಿದರೆ ನಿಮಗೆ ಹೊಟ್ಟೆಕಿಚ್ಚಿಗಿಂತ ಗೌರವವೇ ಮೊದಲು ಬರುತ್ತದೋ ಅಂಥ ಮೂವರ ಹೆಸರು ಬರೆಯಿರಿ. ಹುದ್ದೆ ನೋಡಬೇಡಿ, ಕೆಲಸ ನೋಡಿ. ಆ ಮೂವರಲ್ಲಿ ತಪ್ಪನ್ನು ನೇರವಾಗಿ ತೋರಿಸುವವರು ಯಾರು ಎಂದು ಕೇಳಿಕೊಳ್ಳಿ. ಅವರನ್ನೇ ಹಿಡಿಯಿರಿ. ಹೋಗಿ, ದಯವಿಟ್ಟು ಮಾರ್ಗದರ್ಶನ ಮಾಡಿ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಾನು ಒಬ್ಬ ಹಿರಿಯ ತಪಾಸಕರನ್ನು ಕೇಳಿದ್ದು ಇಷ್ಟೇ: ‘ನಾನು ಬರೆದ ಒಂದು ವರದಿ ತಂದಿದ್ದೇನೆ. ನೀವು ಎಲ್ಲೆಲ್ಲಿ ಓದುವುದನ್ನು ನಿಲ್ಲಿಸುತ್ತೀರೋ ಅಲ್ಲಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಹಾಕಿ ಕೊಡಿ.’ ಅವರು ಎರಡನೇ ಸಾಲಿಗೇ ಗೆರೆ ಹಾಕಿದರು. ನಾಲ್ಕು ಪುಟದಲ್ಲಿ ಇಪ್ಪತ್ತಮೂರು ಗೆರೆ. ಆ ಕಾಗದ ಇವತ್ತಿಗೂ ನನ್ನ ಬಳಿ ಇದೆ.

ಇಂಥವರು ನಿಮ್ಮ ಕಚೇರಿಯಲ್ಲೇ ಇರುತ್ತಾರೆ ಎಂದೇನೂ ಇಲ್ಲ. ಇಲ್ಲದಿದ್ದರೆ ಅವರು ಇರುವಲ್ಲಿಗೆ ಹೋಗಿ. ತಿಂಗಳಿಗೆ ಒಂದು ಶನಿವಾರ ಸಾಕು, ಆದರೆ ಆ ಶನಿವಾರ ತಪ್ಪಬಾರದು. ಇನ್ನೊಂದು ಮಾತು: ನೀವು ಕಲಿಯಲು ಹೋದಾಗ ಮನೆಯಲ್ಲಿ ಯಾರೋ ನಿಮ್ಮ ಪಾಲಿನ ಕೆಲಸ ಹೊರುತ್ತಿರುತ್ತಾರೆ. ಅಂಬಾಬಾಯಿಯವರನ್ನು ನೆನೆದುಕೊಂಡು ಆ ಮನೆಯವರ ಬಳಿ ಮೊದಲೇ ಮಾತಾಡಿ, ಎಷ್ಟು ದಿನ, ಯಾವ ಹೊತ್ತು ಎಂದು ಗೊತ್ತುಮಾಡಿಕೊಳ್ಳಿ.

ಹೆಜ್ಜೆ 2: ಮೂರೇ ರಾಗ ಹಿಡಿಯಿರಿ

ಗಂಗೂಬಾಯಿಯವರ ಗುರುಬಂಧು ಭೀಮಸೇನ ಜೋಶಿ. 1930ರ ದಶಕದ ಕುಂದಗೋಳದಲ್ಲಿ ಒಬ್ಬರು ಗುರುಗಳ ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತವರು, ಇನ್ನೊಬ್ಬರು ರೈಲಿನಲ್ಲಿ ಬಂದುಹೋಗಿ ಕಲಿತವರು. ಭೀಮಸೇನರ ತಾಲೀಮಿನ ಬಗ್ಗೆ ಎಲ್ಲರೂ ಹೇಳುವ ಸಂಗತಿಯೊಂದಿದೆ: ಮುಂಜಾನೆಗೆ ತೋಡಿ, ಮಧ್ಯಾಹ್ನಕ್ಕೆ ಮುಲ್ತಾನಿ, ಸಂಜೆಗೆ ಪೂರಿಯಾ. ವರ್ಷಗಟ್ಟಲೆ ಮುಖ್ಯವಾಗಿ ಈ ಮೂರೇ. ಈ ಮೂರರಲ್ಲಿ ಗಂಟಲು ಪಳಗಿದರೆ ಉಳಿದ ರಾಗಗಳಿಗೆ ದಾರಿ ತಾನಾಗಿ ತೆರೆಯುತ್ತದೆ ಎಂಬ ನಂಬಿಕೆ ಆ ಪಾಠದ ಹಿಂದಿತ್ತು.

ನಮ್ಮ ಕೆಲಸಕ್ಕೂ ಇಂಥ ಮೂರು ರಾಗಗಳಿರುತ್ತವೆ. ನನ್ನ ಕಸುಬಿನಲ್ಲಿ ನಾನು ಕಂಡುಕೊಂಡದ್ದು: ಕಾಗದ ಓದುವುದು, ಪ್ರಶ್ನೆ ಕೇಳುವುದು, ಕಂಡದ್ದನ್ನು ಬರೆಯುವುದು. ಸಾಫ್ಟ್‌ವೇರ್, ಹೊಸ ಕಾಯ್ದೆ, ಡ್ಯಾಶ್‌ಬೋರ್ಡ್ ಎಲ್ಲ ಇವುಗಳ ಮೇಲೆ ಕೂರುವಂಥವು. ಶಿಕ್ಷಕರಿಗೆ ಇವು ಬೇರೆ, ದಾದಿಯರಿಗೆ ಬೇರೆ, ಕೋಡ್ ಬರೆಯುವವರಿಗೆ ಬೇರೆ. ಹುಡುಕುವ ಉಪಾಯ ಒಂದೇ. ಕಳೆದ ತಿಂಗಳು ನೀವು ಮಾಡಿದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ, ಇದು ಕೆಟ್ಟರೆ ಕೆಡುವುದು ಯಾವ ಮೂಲ ಕೌಶಲದಿಂದ ಎಂದು ಬರೆಯಿರಿ. ಮತ್ತೆ ಮತ್ತೆ ಬರುವ ಮೂರು ಹೆಸರುಗಳೇ ನಿಮ್ಮ ತೋಡಿ, ಮುಲ್ತಾನಿ, ಪೂರಿಯಾ.

ಹಾಗೆ ಸಿಕ್ಕಿದ್ದನ್ನು ದಿನವೂ ರಿಯಾಜ್, ಅಂದರೆ ಅಭ್ಯಾಸ, ಮಾಡಬೇಕು. ರಿಯಾಜ್ ಎಂದರೆ ಕಚೇರಿಯ ಕೆಲಸ ಎಂದುಕೊಳ್ಳುವುದೇ ನಾವು ಮಾಡುವ ದೊಡ್ಡ ತಪ್ಪು. ಎಂಟು ಗಂಟೆ ಕೆಲಸ ಮಾಡಿದೆನಲ್ಲ, ಅದೇ ಅಭ್ಯಾಸ ಎನ್ನುತ್ತೇವೆ. ಗಾಯಕರಿಗೆ ವೇದಿಕೆಯ ಮೇಲಿನ ಸಂಗೀತ ಕಛೇರಿ ಬೇರೆ, ರಿಯಾಜ್ ಬೇರೆ. ಕಛೇರಿಯಲ್ಲಿ ಬಂದಷ್ಟನ್ನು ಕೊಡುತ್ತಾರೆ, ರಿಯಾಜಿನಲ್ಲಿ ಬಾರದ್ದನ್ನು ಹಿಡಿದು ಕೂರುತ್ತಾರೆ.

ರಿಯಾಜಿನಲ್ಲಿ ಹಾಡುವ ಪಲಟಾ ಹೇಗಿರುತ್ತದೆ ನೋಡಿ. ಸಾ ರೇ ಗ, ರೇ ಗ ಮ, ಗ ಮ ಪ ಎಂದು ಮೂರು ಮೂರು ಸ್ವರಗಳ ಸರಪಳಿ. ಹತ್ತಿ ಇಳಿಯುವುದು. ಕೇಳಿದರೆ ಮಕ್ಕಳಾಟ. ಆದರೆ ಗುರುವಿನ ಮುಂದೆ ಹಾಡುವಾಗ ಇಳಿಯುವ ದಾರಿಯಲ್ಲಿ ಒಂದು ಧೈವತ ಕೂದಲೆಳೆಯಷ್ಟು ಇಳಿದಿದ್ದರೂ ಕೈ ಮೇಲೆದ್ದು ನಿಲ್ಲಿಸುತ್ತದೆ. ಮತ್ತೆ ಮೊದಲಿನಿಂದ. ಅದೇ ಜಾಗದಲ್ಲಿ ಮತ್ತೆ ಜಾರುತ್ತದೆ, ಮತ್ತೆ ಮೊದಲಿನಿಂದ. ಇಡೀ ಹಾಡು ಹಾಡಿದ್ದರೆ ಆ ಧೈವತ ಗುಂಪಿನಲ್ಲಿ ತಪ್ಪಿಸಿಕೊಂಡುಬಿಡುತ್ತಿತ್ತು. ಪಲಟಾದಲ್ಲಿ ಅಡಗಲು ಜಾಗವಿಲ್ಲ.

ನಾನು ನನ್ನ ಕೆಲಸಕ್ಕೆ ಮಾಡಿಕೊಂಡ ಪಲಟಾ ಹೀಗಿದೆ. ಬೆಳಿಗ್ಗೆ ಕಂಪ್ಯೂಟರ್ ತೆರೆಯುವ ಮೊದಲು ಹಳೆಯ ಕಡತದಿಂದ ಒಂದೇ ಒಂದು ವೋಚರ್ ತೆಗೆದುಕೊಳ್ಳುತ್ತೇನೆ. ದಿನಾಂಕ, ಮೊತ್ತ, ಸಹಿ ನೋಡುತ್ತೇನೆ. ಬಿಲ್ಲಿನ ತಾರೀಕಿಗೂ ಸರಕು ಬಂದ ತಾರೀಕಿಗೂ ಎಷ್ಟು ಅಂತರ? ಸಹಿ ಮಾಡಿದವರಿಗೆ ಅಷ್ಟು ಮೊತ್ತಕ್ಕೆ ಸಹಿ ಹಾಕುವ ಅಧಿಕಾರ ಇದೆಯೇ? ಈ ಕಾಗದ ನೋಡಿ ನಾನು ಕೇಳಬಹುದಾದ ಮೂರು ಪ್ರಶ್ನೆಗಳೇನು? ಬರೆಯುತ್ತೇನೆ. ಇಪ್ಪತ್ತು ನಿಮಿಷ. ಮೊದಲ ವಾರ ಮೂರು ಪ್ರಶ್ನೆ ಹುಡುಕುವುದೇ ಕಷ್ಟವಾಯಿತು. ಎರಡು ತಿಂಗಳ ನಂತರ ಒಂದು ದಿನ, ದೊಡ್ಡ ಕಡತ ತಿರುವಿಹಾಕುತ್ತಿದ್ದಾಗ ಬೆರಳು ತಾನಾಗಿ ಒಂದು ಪುಟದ ಮೇಲೆ ನಿಂತಿತು. ಏನು ತಪ್ಪಿದೆ ಎಂದು ತಲೆಗೆ ತಿಳಿಯುವ ಮೊದಲೇ ಕಣ್ಣಿಗೆ ತಿಳಿದಿತ್ತು. ಶ್ರುತಿ ಕೂರುವುದು ಎಂದರೆ ಏನೆಂದು ಅವತ್ತು ನನಗೆ ಅರ್ಥವಾಯಿತು.

ನಿಮ್ಮ ಪಲಟಾ ಚಿಕ್ಕದಿರಲಿ, ದಿನವೂ ಒಂದೇ ಇರಲಿ, ತಪ್ಪಿದರೆ ಕಾಣುವಂತಿರಲಿ. ಪಾಠ ಮಾಡುವವರು ಒಂದು ಕಷ್ಟದ ಪರಿಕಲ್ಪನೆಯನ್ನು ಎರಡೇ ನಿಮಿಷದಲ್ಲಿ ಹೇಳಿ ಫೋನಿನಲ್ಲಿ ಮುದ್ರಿಸಿಕೊಂಡು ಕೇಳಬಹುದು. ಬರೆಯುವವರು ಬೇರೆಯವರ ಒಂದು ಪ್ಯಾರಾವನ್ನು ಅರ್ಧಕ್ಕೆ ಇಳಿಸಬಹುದು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇಡಬೇಡಿ, ಹೆಚ್ಚಿಟ್ಟರೆ ಹತ್ತನೇ ದಿನಕ್ಕೆ ಬಿಟ್ಟುಹೋಗುತ್ತದೆ.

ಹೆಜ್ಜೆ 3: ಸ್ವರವನ್ನು ಜುಗ್ಗನ ಹಾಗೆ ಖರ್ಚುಮಾಡಿ

ಜುಗ್ಗ ದುಡ್ಡು ಎಣಿಸಿ ಕೊಡುವ ಹಾಗೆ ಸ್ವರಗಳನ್ನು ಬಳಸಬೇಕು ಎಂಬುದು ಗಂಗೂಬಾಯಿ ತಮ್ಮ ಗುರುಗಳಿಂದ ಪಡೆದ ಪಾಠ. ಒಂದು ಸ್ವರ ಕೊಟ್ಟರೆ ಕೇಳುವವರು ಅದನ್ನು ಪೂರ್ತಿ ಸವಿಯಬೇಕು, ಆಮೇಲೆ ಮುಂದಿನದು.

ಇದಕ್ಕೆ ಉದ್ದದ ವಿವರಣೆ ಬೇಡ. ಮುಂದಿನ ಮೀಟಿಂಗಿನಲ್ಲಿ ನೀವು ಹೇಳಲೇಬೇಕಾದದ್ದು ಒಂದೇ ಆಗಿದ್ದರೆ ಅದು ಯಾವುದು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಅದನ್ನು ಹೇಳಿ, ನಿಲ್ಲಿಸಿ, ಪ್ರಶ್ನೆ ಬರುವವರೆಗೆ ಕಾಯಿರಿ. ಆ ಮೌನದಲ್ಲಿ ಮಾತು ತುಂಬಬೇಕೆನಿಸುತ್ತದೆ, ತುಂಬಬೇಡಿ. ಇಮೇಲಿಗೂ ಇದೇ. ನಿಮಗೆ ಗೊತ್ತಿರುವುದನ್ನೆಲ್ಲ ಒಂದೇ ದಿನ ತೋರಿಸಿಬಿಡಬೇಕೆಂಬ ಆಸೆ ಹೊಸಬರಲ್ಲಿ ಇರುತ್ತದೆ, ನನ್ನಲ್ಲೂ ಇತ್ತು.

ಹೆಜ್ಜೆ 4: ಎಲ್ಲಿ ನಿಲ್ಲುತ್ತೀರಿ ಎಂದು ನೋಡಿಕೊಳ್ಳಿ

ಸಂಗೀತದಿಂದ ನಾನು ಪಡೆದ ಅತ್ಯಂತ ಉಪಯುಕ್ತ ತಿಳಿವಳಿಕೆ ಇದು, ಆದ್ದರಿಂದ ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ.

ಪೂರಿಯಾ, ಮಾರವಾ, ಸೋಹನಿ ಮೂರು ಬೇರೆ ಬೇರೆ ರಾಗಗಳು. ಪೂರಿಯಾ ಮತ್ತು ಮಾರವಾ ಸಂಜೆ ಮುಳುಗುವ ಹೊತ್ತಿನವು, ಸೋಹನಿ ರಾತ್ರಿಯ ಕೊನೆಯ ಪ್ರಹರದ್ದು. ಆದರೆ ಮೂರಕ್ಕೂ ಬಳಸುವ ಸ್ವರಗಳು ಅವೇ ಆರು: ಷಡ್ಜ, ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ. ಕೋಮಲ ಎಂದರೆ ತಗ್ಗಿಸಿದ ಸ್ವರ, ತೀವ್ರ ಎಂದರೆ ಏರಿಸಿದ ಸ್ವರ. ಪಂಚಮ ಮೂರರಲ್ಲೂ ಇಲ್ಲ. ಹಾಗಾದರೆ ಬೇರೆಯಾಗುವುದು ಎಲ್ಲಿ? ನಿಲ್ಲುವ ಜಾಗದಲ್ಲಿ. ಪೂರಿಯಾ ಗಾಂಧಾರ ನಿಷಾದಗಳ ಮೇಲೆ ನಿಂತು ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಕಡೆ ವಾಲುತ್ತದೆ, ಗಂಭೀರವಾಗುತ್ತದೆ. ಮಾರವಾ ಅದೇ ಕೋಮಲ ರಿಷಭ ಮತ್ತು ಧೈವತಗಳಿಗೆ ತೂಕ ಕೊಟ್ಟು, ಷಡ್ಜವನ್ನು ತಪ್ಪಿಸಿ ತಪ್ಪಿಸಿ ಹೋಗುತ್ತ ಮನಸ್ಸನ್ನು ತಳಮಳಗೊಳಿಸುತ್ತದೆ. ಸೋಹನಿ ತಾರಸ್ಥಾಯಿಯಲ್ಲೇ ಮಿನುಗುತ್ತದೆ. ಸಾಮಗ್ರಿ ಒಂದೇ, ವಿಶ್ರಾಂತಿಯ ಸ್ಥಾನ ಬೇರೆ, ಇಡೀ ಮುಖವೇ ಬೇರೆ.

ಕೆಲಸ ಬದಲಿಸಬೇಕು ಎಂದು ಒದ್ದಾಡುವವರು ಒಮ್ಮೆ ಈ ಕಣ್ಣಿನಿಂದ ನೋಡಿ. ನಿಮ್ಮ ಬಳಿ ಇರುವ ಆರು ಸ್ವರಗಳನ್ನು, ಅಂದರೆ ನಿಜವಾಗಿ ಕೈಗೆ ಬಂದಿರುವ ಆರು ಕೌಶಲಗಳನ್ನು ಬರೆಯಿರಿ. ಈಗಿನ ಕೆಲಸ ನಿಮ್ಮನ್ನು ಯಾವ ಎರಡರ ಮೇಲೆ ನಿಲ್ಲಿಸುತ್ತಿದೆ? ನಿಮಗೆ ಉಸಿರು ಸಲೀಸಾಗಿ ನಿಲ್ಲುವುದು ಯಾವ ಎರಡರ ಮೇಲೆ? ಇವೆರಡೂ ಬೇರೆಯಾಗಿದ್ದರೆ, ಹೊಸ ಸ್ವರ ಕಲಿಯುವುದಕ್ಕಿಂತ ಮೊದಲು ನಿಲ್ಲುವ ಜಾಗ ಬದಲಿಸಲು ನೋಡಿ.

ನನ್ನ ಪಟ್ಟಿಯಲ್ಲಿ ಅಂಕಿ ಹೊಂದಿಸುವುದು ಇತ್ತು, ಬರೆಯುವುದು ಇತ್ತು, ಜನರ ಜೊತೆ ಕೂತು ಅವರ ಕೆಲಸ ಅರ್ಥಮಾಡಿಕೊಳ್ಳುವುದು ಇತ್ತು. ಕೆಲಸ ನನ್ನನ್ನು ಅಂಕಿಯ ಮೇಲೇ ನಿಲ್ಲಿಸಿತ್ತು. ನನಗೆ ಹಿಡಿಸುತ್ತಿದ್ದದ್ದು ಜನರ ಜೊತೆ ಕೂತು ಕೇಳುವುದು. ನಾಲ್ಕನೇ ಬಾರಿ ಕೆಲಸ ಬದಲಿಸುವ ಅರ್ಜಿ ತಯಾರಾಗಿತ್ತು. ಅದನ್ನು ಕಳಿಸುವ ಬದಲು, ಹೊಸ ಘಟಕಗಳ ಮೊದಲ ಭೇಟಿ ಮತ್ತು ಸಂದರ್ಶನಗಳನ್ನು ನನಗೆ ಕೊಡಿ, ಕೊನೆಯ ಹೊಂದಾಣಿಕೆಯನ್ನು ಅದರಲ್ಲಿ ನುರಿತವರಿಗೆ ಕೊಡಿ ಎಂದು ಕೇಳಿದೆ. ಒಪ್ಪಿದರು. ಅದೇ ಕುರ್ಚಿ, ಅದೇ ಸಂಬಳ. ಆದರೆ ಸೋಮವಾರದ ಬೆಳಿಗ್ಗೆ ಬೇರೆಯಾಯಿತು.

ಎಲ್ಲ ಕಡೆ ಹೀಗೆ ಒಪ್ಪುವುದಿಲ್ಲ, ಗೊತ್ತು. ಒಪ್ಪದಿದ್ದರೆ ಆಗ ಹೊರಡಿ. ಆದರೆ ಆಗ ನಿಮಗೆ ಯಾವ ರಾಗ ಹುಡುಕುತ್ತಿದ್ದೀರಿ ಎಂದು ತಿಳಿದಿರುತ್ತದೆ.

ಹೆಜ್ಜೆ 5: ದನಿ ಬದಲಾದರೆ, ಹೊಸ ದನಿಯ ಷಡ್ಜ ಹುಡುಕಿ

‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಗಂಗೂಬಾಯಿಯವರ ಆರಂಭದ ರೆಕಾರ್ಡುಗಳಲ್ಲಿ ದನಿ ಎತ್ತರದ್ದು, ಚೂಪಾದದ್ದು. ಆಮೇಲೆ ಟಾನ್ಸಿಲ್ ತೊಂದರೆಯಾಗಿ, ಅದರ ಚಿಕಿತ್ಸೆಯ ನಂತರ ದನಿ ದಪ್ಪವಾಯಿತು, ಕೆಳಕ್ಕಿಳಿಯಿತು. ಮುಖ ನೋಡದೆ ಕೇಳಿದವರು ಗಂಡಸು ಹಾಡುತ್ತಿದ್ದಾರೆ ಎಂದುಕೊಳ್ಳುವಷ್ಟು. ಹೆಣ್ಣಿನ ದನಿ ಎಂದರೆ ಇಂಪು, ಕೋಮಲ ಎಂದೇ ಎಣಿಸುತ್ತಿದ್ದ ಕಾಲ ಅದು. ದನಿಯೇ ಜೀವನವಾಗಿದ್ದವರಿಗೆ ಅದಕ್ಕಿಂತ ದೊಡ್ಡ ಆಘಾತ ಇನ್ನೇನಿರಬಹುದು?

ಇವತ್ತು ಗಂಗೂಬಾಯಿ ಎಂದರೆ ನಮ್ಮ ಕಿವಿಗೆ ಬರುವುದು ಆ ಎರಡನೇ ದನಿಯೇ. ಗುಡುಗಿನಂತೆ ಏಳುವ ಆ ಮಂದ್ರ, ನೆಲಕ್ಕೆ ಕಂಬ ನೆಟ್ಟಂತೆ ನಿಲ್ಲುವ ಷಡ್ಜ. ಹಳೆಯ ದನಿಯನ್ನು ಮರಳಿ ತರಲು ಕಂಠವನ್ನು ಹಿಂಸಿಸುವ ಬದಲು, ಬಂದ ದನಿಗೆ ಹೊಂದುವ ಶ್ರುತಿಯಲ್ಲಿ ಅವರು ಹಾಡಿದರು. ನಷ್ಟವೇ ವರವಾಯಿತು ಎಂದು ಸುಲಭವಾಗಿ ಹೇಳಿಬಿಡಲು ನನಗೆ ಮನಸ್ಸು ಬರುವುದಿಲ್ಲ. ನಷ್ಟ ನಷ್ಟವೇ. ಅದರ ನಂತರ ದಿನದಿನವೂ ಕೂತು ಮಾಡಿದ ಸಾಧನೆ ಅವರದು.

ನಿಮ್ಮ ದನಿಯೂ ಒಂದು ದಿನ ಬದಲಾಗಬಹುದು. ಮೊಣಕಾಲು ಕೈಕೊಟ್ಟು ಸೈಟಿಗೆ ಹತ್ತಲಾಗದ ಎಂಜಿನಿಯರ್, ಹೆರಿಗೆಯ ನಂತರ ಮೊದಲಿನಂತೆ ರಾತ್ರಿ ಪಾಳಿ ಮಾಡಲಾಗದ ತಾಯಿ, ಕಲಿತ ತಂತ್ರಜ್ಞಾನವೇ ಹಳೆಯದಾಗಿ ಹೋದ ಐವತ್ತರ ಕೆಲಸಗಾರ. ಅಂಥ ಹೊತ್ತಿನಲ್ಲಿ ಹೀಗೆ ಮಾಡಿ.

ಮೊದಲ ಒಂದು ತಿಂಗಳು ಯಾವ ದೊಡ್ಡ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ. ದುಃಖಕ್ಕೆ ಅದರ ಹೊತ್ತು ಕೊಡಿ.

ಆಮೇಲೆ ಒಂದು ಪುಟ್ಟ ಕೆಲಸ ಹಿಡಿದು, ಹಳೆಯ ವೇಗಕ್ಕೆ ಹೋಲಿಸದೆ, ಈಗ ಆರಾಮವಾಗಿ ಎಷ್ಟಾಗುತ್ತದೆ ಎಂದು ಒಂದು ವಾರ ಅಳೆಯಿರಿ. ಅದೇ ನಿಮ್ಮ ಹೊಸ ಷಡ್ಜ. ತಂಬೂರಿಯನ್ನು ಅದಕ್ಕೆ ಶ್ರುತಿ ಮಾಡಬೇಕು, ಅಂದರೆ ನಿಮ್ಮ ದಿನಚರಿ, ಒಪ್ಪಿಕೊಳ್ಳುವ ಕೆಲಸ, ಕೊಡುವ ಗಡುವು ಎಲ್ಲ ಅದಕ್ಕೆ ಹೊಂದಬೇಕು. ಎಂಜಿನಿಯರಿಗೆ ಸೈಟು ತಪ್ಪಿತು, ಆದರೆ ಸೈಟಿನಲ್ಲಿ ಕಳೆದ ಇಪ್ಪತ್ತು ವರ್ಷದ ಕಣ್ಣು ತಪ್ಪಿಲ್ಲ. ನಕ್ಷೆಯ ಮೇಲೇ ತಪ್ಪು ಹಿಡಿಯಬಲ್ಲ ಕಣ್ಣು ಅದು. ನಿಮ್ಮಲ್ಲಿ ಹಾಗೆ ಉಳಿದದ್ದು ಏನು ಎಂದು ನಿಮ್ಮನ್ನು ಬಲ್ಲ ಇಬ್ಬರನ್ನು ಕೇಳಿ. ನಮಗೆ ಹೋದದ್ದೇ ಕಾಣುತ್ತಿರುತ್ತದೆ, ಉಳಿದದ್ದು ಬೇರೆಯವರಿಗೆ ಬೇಗ ಕಾಣುತ್ತದೆ.

ಹೆಜ್ಜೆ 6: ಅವಮಾನವನ್ನು ನುಂಗಿಕೊಂಡೇ ಇರಬೇಡಿ

ಬಾಲ್ಯದಲ್ಲಿ ನೆರೆಮನೆಯವರ ತೋಟದ ಮಾವಿನಕಾಯಿ ಕಿತ್ತದ್ದಕ್ಕೆ, ಹಾಡುವವಳ ಮಗಳು ನಮ್ಮ ತೋಟಕ್ಕೆ ಕಾಲಿಟ್ಟಳೇ ಎಂದು ಬೈಸಿಕೊಂಡದ್ದನ್ನು ಗಂಗೂಬಾಯಿ ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ಗಂಡಸರಾದರೆ ಉಸ್ತಾದ್ ಅಥವಾ ಪಂಡಿತ್ ಆಗುತ್ತಾರೆ, ಕೇಸರಬಾಯಿ, ಮೋಗೂಬಾಯಿಯಂಥ ದೊಡ್ಡ ಗಾಯಕಿಯರು ಮಾತ್ರ ಹೆಸರಿನ ಕೊನೆಯ ‘ಬಾಯಿ’ಯಾಗಿಯೇ ಉಳಿಯುತ್ತಾರೆ ಎಂದು ಅವರು ಬಹಿರಂಗವಾಗಿ ಹೇಳಿದರು. ಕೆಲಸದಿಂದಲೇ ಉತ್ತರ ಕೊಡು, ಮಾತಾಡಬೇಡ ಎಂದು ಹಿರಿಯರು ಬುದ್ಧಿ ಹೇಳುವುದುಂಟು. ಅವರು ಎರಡನ್ನೂ ಮಾಡಿದರು. ಅದೇ ಸರಿ ಎಂದು ನನಗನ್ನಿಸುತ್ತದೆ.

ಕಚೇರಿಯಲ್ಲಿ ನಿಮ್ಮ ಕೆಲಸಕ್ಕೆ ಇನ್ನೊಬ್ಬರ ಹೆಸರು ಬಿದ್ದರೆ, ಅದೇ ಕೆಲಸಕ್ಕೆ ಕಡಿಮೆ ಸಂಬಳ ಸಿಕ್ಕರೆ, ಅದೇ ದಿನ ತಾರೀಕು ಹಾಕಿ ಏನಾಯಿತೆಂದು ಬರೆದಿಡಿ. ಕೋಪ ಇಳಿದ ಮೇಲೆ, ಹೆಚ್ಚೆಂದರೆ ಒಂದು ವಾರದೊಳಗೆ, ಸಂಬಂಧಪಟ್ಟವರ ಬಳಿ ಕೂತು ಹೇಳಿ. ಹೇಳುವಾಗ ಭಾವನೆಗಿಂತ ಮೊದಲು ಸಂಗತಿ ಬರಲಿ. ಮರುದಿನ ಮುಂಜಾನೆ ರಿಯಾಜ್ ತಪ್ಪಿಸಬೇಡಿ.

ಹೆಜ್ಜೆ 7: ಬೇಡ ಎನ್ನುವುದನ್ನು ಗಳಿಸಿಕೊಳ್ಳಿ

ಮೊದಮೊದಲು ಗಂಗೂಬಾಯಿ ಭಜನೆ, ಠುಮ್ರಿಗಳನ್ನೂ ಹಾಡುತ್ತಿದ್ದರು. ಮುಂದೆ ರಾಗ ಸಂಗೀತ ಮಾತ್ರ ಎಂದು ನಿಶ್ಚಯಿಸಿ, ಲಘು ಪ್ರಕಾರಗಳನ್ನು ಕೇಳಿದರೂ ಹಾಡಲಿಲ್ಲ. ಇಲ್ಲಿ ಕ್ರಮ ಮುಖ್ಯ. ಬೇಡ ಎನ್ನುವುದನ್ನು ಕಲಿ ಎಂಬ ಉಪದೇಶವನ್ನು ಇಪ್ಪತ್ತೆರಡರ ಹುಡುಗರಿಗೂ ಕೊಡುವುದನ್ನು ಕಂಡು ನನಗೆ ಆತಂಕವಾಗುತ್ತದೆ. ಮನೆ ನಡೆಸುವ ಹೊಣೆ ಹೆಗಲ ಮೇಲಿದ್ದಾಗ ಬಂದ ಕೆಲಸ ಮಾಡಬೇಕು, ಅದರಲ್ಲಿ ಕೀಳರಿಮೆ ಬೇಡ. ಆದರೆ ವರ್ಷಕ್ಕೊಮ್ಮೆ ಕೂತು, ಈ ವರ್ಷ ಯಾವ ಒಂದು ಬಗೆಯ ಕೆಲಸವನ್ನು ಬಿಡುವಷ್ಟು ಬಲ ಬಂದಿದೆ ಎಂದು ನೋಡಿಕೊಳ್ಳಿ. ಒಂದೇ ಒಂದು. ಬಿಟ್ಟ ಹೊತ್ತನ್ನು ಹೆಜ್ಜೆ 4ರಲ್ಲಿ ಕಂಡುಕೊಂಡ ಆ ಎರಡು ಸ್ವರಗಳಿಗೆ ಕೊಡಿ.

ಹೆಜ್ಜೆ 8: ಹೆಸರು ಬಂದ ಮೇಲೆ ಮತ್ತೆ ಶಿಷ್ಯರಾಗಿ

ಈ ಹೆಜ್ಜೆಗೆ ಧಾರವಾಡದ ಇನ್ನೊಬ್ಬರನ್ನು ನೆನೆಯಲೇಬೇಕು. ಮಲ್ಲಿಕಾರ್ಜುನ ಮನಸೂರ ಅವರು ಮಿರಜಿನ ನೀಲಕಂಠಬುವಾ ಅವರ ಬಳಿ ಗ್ವಾಲಿಯರ್ ಪದ್ಧತಿಯಲ್ಲಿ ಪಳಗಿ, ಎಚ್‌ಎಂವಿ ಕಂಪನಿಯ ರೆಕಾರ್ಡುಗಳಿಂದ ಹೆಸರು ಮಾಡಿದ್ದರು. ಆಮೇಲೆ ಜೈಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಗಾಯನ ಅವರ ಮನಸ್ಸನ್ನು ಸೆಳೆಯಿತು. ಹೆಸರಾಂತ ಗಾಯಕ ಮತ್ತೆ ಗಂಡಾ, ಅಂದರೆ ಶಿಷ್ಯತ್ವದ ದಾರ, ಕಟ್ಟಿಸಿಕೊಂಡು ಶಿಷ್ಯರಾದರು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ, ಅವರ ತಮ್ಮ ಭೂರ್ಜಿಖಾನರ ಬಳಿ ಕಲಿಕೆ ಮುಂದುವರಿಸಿದರು. ಇವತ್ತು ಜೈಪುರ ಅತ್ರೌಲಿ ಘರಾಣೆ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದು.

ಕೆಲಸದಲ್ಲಿ ಹತ್ತು ವರ್ಷ ಆದವರು ಕಲಿಯಲು ನಾಚುತ್ತಾರೆ. ತಮಗಿಂತ ಕಿರಿಯರ ಬಳಿ ಕಲಿಯುವುದಾದರೆ ಇನ್ನೂ ನಾಚುತ್ತಾರೆ. ಒಂದು ವಿಷಯ ಆರಿಸಿ, ಅದರಲ್ಲಿ ನಿಮಗಿಂತ ಚೆನ್ನಾಗಿ ಬಲ್ಲವರ ಬಳಿ ಹೋಗಿ, ಇದರಲ್ಲಿ ನಾನು ಹೊಸಬ, ಮೊದಲಿನಿಂದ ಹೇಳಿ ಎಂದು ಬಾಯಿಬಿಟ್ಟು ಹೇಳಿ. ಆ ವಾಕ್ಯ ಹೇಳಿದ ಮೇಲೆ ಉಳಿದದ್ದೆಲ್ಲ ಸಲೀಸು.

ಹೆಜ್ಜೆ 9: ಹಿಂದೆ ತಂಬೂರಿ ಹಿಡಿದವರಿಗೆ ದನಿ ಕೊಡಿ

ಗಂಗೂಬಾಯಿಯವರ ಕಛೇರಿಗಳಲ್ಲಿ ಅವರ ಪಕ್ಕದಲ್ಲಿ ಮಗಳು ಕೃಷ್ಣಾ ಹಾನಗಲ್ ಕೂರುತ್ತಿದ್ದರು. ಧ್ವನಿಮುದ್ರಿಕೆಗಳಲ್ಲಿ ಗಮನವಿಟ್ಟು ಕೇಳಿ. ತಾಯಿ ಒಂದು ಸ್ವರವನ್ನು ಹಿಡಿದು ನಿಲ್ಲಿಸುತ್ತಾರೆ, ಉಸಿರು ಮುಗಿಯುತ್ತ ಬರುವ ಹೊತ್ತಿಗೆ ಮಗಳ ದನಿ ಕೆಳಗಿನಿಂದ ಸೇರಿಕೊಂಡು ಅದೇ ಸ್ವರವನ್ನು ಎತ್ತಿ ಹಿಡಿಯುತ್ತದೆ. ಕೈಯಿಂದ ಕೈಗೆ ದೀಪ ದಾಟಿಸಿದಂತೆ, ಎಲ್ಲೂ ನಂದುವುದಿಲ್ಲ. ತಾಯಿ ಮತ್ತೆ ಉಸಿರು ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಇದು ದಶಕಗಳ ಕಾಲ ನಡೆಯಿತು. ಹಿಂದೂಸ್ತಾನಿಯಲ್ಲಿ ಹಿಂದೆ ಕೂತ ಶಿಷ್ಯರಿಗೆ ಹಾಡಲು ಬಿಡುವ ಈ ಪದ್ಧತಿ ಹಳೆಯದು. ಕಲಿಯುವವರು ನಿಜವಾದ ಸಭೆಯಲ್ಲಿ, ನಿಜವಾದ ಕೇಳುಗರ ಎದುರು, ಗುರುವಿನ ಆಸರೆಯಲ್ಲಿ ತಯಾರಾಗುತ್ತಾರೆ.

ನಾವು ಕಿರಿಯರಿಗೆ ಕಲಿಸುವುದು ಬೇರೆ ರೀತಿ. ಕೆಲಸ ಪೂರ್ತಿ ಅವರ ಮೇಲೆ ಹಾಕಿ ತಪ್ಪಿದಾಗ ಬೈಯುತ್ತೇವೆ, ಇಲ್ಲವೇ ಎಲ್ಲವನ್ನೂ ನಾವೇ ಮಾಡಿ ಅವರನ್ನು ಟಿಪ್ಪಣಿ ಬರೆಯಲು ಕೂರಿಸುತ್ತೇವೆ. ಬದಲಿಗೆ, ಮುಂದಿನ ದೊಡ್ಡ ಸಭೆಗೆ ಒಬ್ಬ ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಎರಡು ವಿಷಯಗಳನ್ನು ಅವರೇ ಹೇಳಬೇಕು ಎಂದು ಹಿಂದಿನ ದಿನವೇ ಗೊತ್ತುಮಾಡಿ. ಆ ಜಾಗ ಬಂದಾಗ ನೀವು ಮಾತು ನಿಲ್ಲಿಸಿ ಅವರ ಕಡೆ ನೋಡಿ. ಅವರು ತಡವರಿಸಿದರೆ ಒಂದು ಪದ ಕೊಡಿ, ವಾಕ್ಯ ಕಸಿದುಕೊಳ್ಳಬೇಡಿ. ಹೊರಗೆ ಬಂದ ಮೇಲೆ, ನನ್ನ ಹಿರಿಯರು ನನಗೆ ಮಾಡಿದಂತೆ, ಎಲ್ಲೆಲ್ಲಿ ನೀವು ಕೇಳುವುದನ್ನು ನಿಲ್ಲಿಸಿದಿರಿ ಎಂದಷ್ಟೇ ಹೇಳಿ.

ಕೃಷ್ಣಾ 2004ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಗಂಗೂಬಾಯಿ ಅಸ್ಥಿಮಜ್ಜೆಯ ಕ್ಯಾನ್ಸರಿನಿಂದ ಚೇತರಿಸಿಕೊಂಡಿದ್ದರು. 2006ರ ಮಾರ್ಚಿನಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಹಾಡುವ ಬದುಕಿಗೆ ಎಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಅವರು ಕೊನೆಯ ಕಛೇರಿ ಮಾಡಿದರು. ಪಕ್ಕದಲ್ಲಿ ಮಗಳಿರಲಿಲ್ಲ. ತಂಬೂರಿ ಶ್ರುತಿಗೆ ಕೂತಿತು, ಅವರು ಹಾಡಿದರು.